ಇನ್ನೂ ಇಲ್ಲದ ವಸ್ತುವನ್ನು ಗುಂಪಾಗಿ ವಿನ್ಯಾಸ ಮಾಡುವುದು ಹೇಗೆ: ಕಾಫಿ ಕಣದ ಹೊದಿಕೆ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಹಾಸನದ ಕಡೆ ಕಾಲೇಜು ಹುಡುಗರು, ತೋಟದವರು, ವರ್ಕ್‌ಶಾಪ್ ಇಟ್ಟುಕೊಂಡವರು ಸೇರಿ ‘ಮಾರುಕಟ್ಟೆಯಲ್ಲಿ ಇಲ್ಲದ ಒಂದು ವಸ್ತುವನ್ನು ನಾವೇ ವಿನ್ಯಾಸ ಮಾಡೋಣ’ ಎಂದು ಹೊರಡುವುದು ಈಗ ಜಾಸ್ತಿಯಾಗಿದೆ. ಮೊದಲ ಸಭೆ ಜೋರಾಗಿ ನಡೆಯುತ್ತದೆ. ಎರಡನೆಯದಕ್ಕೆ ಅರ್ಧ ಜನ ಬರುತ್ತಾರೆ. ಮೂರನೆಯ ವಾರದ ಹೊತ್ತಿಗೆ ಕೆಲಸ ನಿಂತಿರುತ್ತದೆ.

ಹುರುಪು ಇಳಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಕಾಣುವ ಕಾರಣ ಬೇರೆ. ನಿಜವಾದ ವಸ್ತು ಮಾಡುವಾಗ ಗಿರಾಕಿ ತಕರಾರು ತೆಗೆಯುತ್ತಾರೆ, ಪೈಪಿನ ಬೆಲೆ ಕೈ ಕಟ್ಟುತ್ತದೆ, ವೆಲ್ಡಿಂಗ್ ಅಂಗಡಿಯವರು ‘ಇದು ನಿಲ್ಲಲ್ಲ ಸಾರ್’ ಎನ್ನುತ್ತಾರೆ. ಊಹೆಯ ವಸ್ತುವಿಗೆ ಹೀಗೆ ಅಡ್ಡ ನಿಲ್ಲುವವರು ಯಾರೂ ಇಲ್ಲ. ಎಲ್ಲರ ಐಡಿಯಾವೂ ಸರಿ ಎನಿಸುತ್ತದೆ, ಹಾಗಾಗಿ ಯಾವುದೂ ತೀರ್ಮಾನವಾಗುವುದಿಲ್ಲ. ಅಡ್ಡ ನಿಲ್ಲುವ ಆ ಶಕ್ತಿಯನ್ನು ಗುಂಪೇ ಕಟ್ಟಿಕೊಳ್ಳಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಇಟ್ಟಿರುವುದು ಅದಕ್ಕಾಗಿ. ಹಿಂದುಮುಂದು ಮಾಡಬೇಡಿ.

ಉದಾಹರಣೆಗೆ ಒಂದೇ ವಸ್ತುವನ್ನು ಕೊನೆಯವರೆಗೂ ಹಿಡಿದಿದ್ದೇನೆ. ಕಾಫಿ ಒಣಗಿಸುವ ಕಣಕ್ಕೆ ಒಂದು ಹೊದಿಕೆ. ಮಳೆ ಹನಿ ಬಿದ್ದ ತಕ್ಷಣ ಒಬ್ಬರೇ ಮುಚ್ಚುವಂತಿರಬೇಕು. ನಿಮ್ಮ ವಸ್ತು ಬೇರೆ ಇರಬಹುದು. ಅರಸೀಕೆರೆಯವರು ತೆಂಗಿನಕಾಯಿ ಸುಲಿಯುವ ಸಾಧನ ಎನ್ನಬಹುದು, ಹಾಸನದವರು ಆಲೂಗಡ್ಡೆ ವಿಂಗಡಿಸುವ ಜರಡಿ ಎನ್ನಬಹುದು. ಕ್ರಮ ಬದಲಾಗುವುದಿಲ್ಲ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಎಂಟು ವಾರ ಸಮಯ, ವಾರಕ್ಕೆ ಒಂದು ಸಭೆ, ಸಭೆಗೆ ಎರಡು ಗಂಟೆ. ಆರರಿಂದ ಎಂಟು ಜನ. ಹತ್ತು ದಾಟಿದರೆ ಮಾತನಾಡುವವರು ನಾಲ್ಕೇ ಜನ, ಉಳಿದವರು ಕೇಳುಗರಾಗಿಬಿಡುತ್ತಾರೆ.

ಸಾಮಾನು ದುಬಾರಿಯದಲ್ಲ. ಎ3 ಹಾಳೆಗಳು, ದಪ್ಪ ಮಾರ್ಕರ್, ಗೋಡೆಗೆ ಅಂಟಿಸಲು ಕಂದು ಕಾಗದ, ಅಂಟುಚೀಟಿಗಳು, 30 ಮೀಟರ್ ಟೇಪು, ಸುತಲಿ ದಾರ, ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಗಳು, ಕಟ್ಟರ್, ಫೆವಿಕಾಲ್, ಹೂಕುಂಡಕ್ಕೆ ನೀರು ಹಾಕುವ ಸಣ್ಣ ಕ್ಯಾನ್. ಒಂದು ದಪ್ಪ ನೋಟ್‌ಬುಕ್ಕು ಬೇಕೇ ಬೇಕು. ಅದು ಇಡೀ ಗುಂಪಿನದು, ಒಬ್ಬರದಲ್ಲ.

ಕಂಪ್ಯೂಟರಿನಲ್ಲಿ ಬಿಡಿಸಲು ಫ್ರೀಕ್ಯಾಡ್ ಉಚಿತವಾಗಿ ಸಿಗುತ್ತದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಟಿಂಕರ್‌ಕ್ಯಾಡ್ ಕಲಿಯಲು ಸುಲಭ, ಆದರೆ ಬ್ರೌಸರಿನಲ್ಲೇ ನಡೆಯುವುದು. ಕೊಪ್ಪ, ಶೃಂಗೇರಿ ಕಡೆಯ ಸದಸ್ಯರಿದ್ದರೆ ನೆಟ್‌ವರ್ಕ್ ನಂಬಬೇಡಿ. ಏನೇ ಆದರೂ ಆರನೆಯ ಹಂತದವರೆಗೆ ಕಂಪ್ಯೂಟರ್ ತೆಗೆಯುವುದೇ ಬೇಡ. ಪರದೆಯ ಮೇಲೆ ಚೆಂದ ಕಂಡದ್ದನ್ನು ಅಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

## 1. ವಸ್ತುವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಮೊದಲು ಗುಂಪು ಕಟ್ಟಿ, ಆಮೇಲೆ ‘ಏನು ಮಾಡೋಣ?’ ಎಂದು ಕೇಳುವುದು ಎಲ್ಲರೂ ಮಾಡುವ ತಪ್ಪು. ಎಂಟು ಜನ ಎಂಟು ವಸ್ತು ಹೇಳುತ್ತಾರೆ. ಗೆದ್ದ ಐಡಿಯಾದವರು ಉಳಿಯುತ್ತಾರೆ, ಸೋತವರು ನಿಧಾನವಾಗಿ ಬರುವುದು ಬಿಡುತ್ತಾರೆ. ಒಬ್ಬರೋ ಇಬ್ಬರೋ ಕೂತು ವಸ್ತುವನ್ನು ತೀರ್ಮಾನಿಸಿ, ಅದರಲ್ಲಿ ಆಸಕ್ತಿ ಇರುವವರನ್ನು ಕರೆಯುವುದೇ ಸರಿ.

ವಾಕ್ಯದಲ್ಲಿ ಮೂರು ವಿಷಯ ಇರಬೇಕು. ಯಾರಿಗೆ, ಯಾವ ಹೊತ್ತಿನಲ್ಲಿ, ಏನು ಆಗಬೇಕು. ‘ಸಣ್ಣ ಬೆಳೆಗಾರರ ಕಣದಲ್ಲಿ ಕೆಲಸ ಮಾಡುವ ಒಬ್ಬರು, ಕೊಯ್ಲಿನ ಕಾಲದಲ್ಲಿ ಹಠಾತ್ ಮಳೆ ಬಂದಾಗ, ಹರವಿದ ಕಾಫಿಯನ್ನು ನೆನೆಯುವ ಮೊದಲೇ ಮುಚ್ಚಬೇಕು.’ ಇಷ್ಟು ಸಾಕು.

ವಾಕ್ಯದಲ್ಲಿ ಉತ್ತರ ನುಸುಳಿದೆಯೇ ನೋಡಿ. ‘ಸೆನ್ಸರ್ ಇರುವ ಮೋಟಾರ್ ಹೊದಿಕೆ’ ಎಂದು ಬರೆದರೆ ವಿನ್ಯಾಸ ಆಗಲೇ ಮುಗಿದಂತೆ. ಉಳಿದವರಿಗೆ ಕೆಲಸವೇ ಇರುವುದಿಲ್ಲ.

ಇಲ್ಲೇ ಇನ್ನೊಂದು ನಿಯಮ ಹಾಕಿಕೊಳ್ಳಿ. ಊಹೆಯ ವಸ್ತು ಎಂದ ಮೇಲೆ ಒಂದೇ ಒಂದು ಊಹೆಗೆ ಅವಕಾಶ. ಅಂದರೆ ‘ಇಂಥ ಹೊದಿಕೆ ಅಂಗಡಿಯಲ್ಲಿ ಇದೆ’ ಎನ್ನುವುದು ಮಾತ್ರ ಊಹೆ. ಬಟ್ಟೆ, ಪೈಪು, ಹಗ್ಗ, ಗಾಳಿ, ಮಳೆ, ಮನುಷ್ಯನ ತೋಳ್ಬಲ ಎಲ್ಲ ನಿಜವಾದವು. ಗರಿಯಷ್ಟು ಹಗುರವಾಗಿಯೂ ಉಕ್ಕಿನಷ್ಟು ಗಟ್ಟಿಯಾಗಿಯೂ ಇರುವ ಬಟ್ಟೆಯನ್ನು ಯಾರಾದರೂ ತಂದರೆ ಅಲ್ಲೇ ನಿಲ್ಲಿಸಿ.

## 2. ಗುಂಪು ಕಟ್ಟಿ, ತೀರ್ಮಾನ ಯಾರದೆಂದು ಅವತ್ತೇ ಬರೆಯಿರಿ

ಎಂಟೂ ಜನ ಎಂಜಿನಿಯರಿಂಗ್ ಹುಡುಗರಾದರೆ ಗುಂಪು ಉದ್ದಕ್ಕೂ ಒಂದೇ ಕಡೆಗೆ ವಾಲುತ್ತದೆ. ಕಣದಲ್ಲಿ ನಿಜಕ್ಕೂ ಕೆಲಸ ಮಾಡಿದವರು ಒಬ್ಬರು, ತೋಟದ ರೈಟರೋ (ಕೆಲಸ, ಲೆಕ್ಕ ನೋಡಿಕೊಳ್ಳುವವರು) ಬೆಳೆಗಾರರೋ ಒಬ್ಬರು, ವೆಲ್ಡಿಂಗ್ ಗೊತ್ತಿರುವವರು ಒಬ್ಬರು, ಟಾರ್ಪಾಲ್ ಹೊಲಿಯುವವರು ಒಬ್ಬರು, ಚಿತ್ರ ಬಿಡಿಸುವವರು ಇಬ್ಬರು, ಲೆಕ್ಕ ಮಾಡುವವರು ಒಬ್ಬರು ಇರಲಿ. ಐಟಿಐ ಮುಗಿಸಿದವರೊಬ್ಬರು ಸಿಕ್ಕರೆ ಬಿಡಬೇಡಿ. ಬಿಡಿಸಿದ್ದನ್ನು ಕೈಯಲ್ಲಿ ಮಾಡಬಹುದೇ ಎಂದು ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಮೂರು ಜವಾಬ್ದಾರಿಗಳನ್ನು ಹೆಸರು ಹಾಕಿ ಬರೆಯಿರಿ. ಸಂಚಾಲಕರು ಸಭೆ ಕರೆಯುತ್ತಾರೆ, ಸಮಯ ನೋಡುತ್ತಾರೆ. ಬರಹಗಾರರು ಅವತ್ತಿನ ತೀರ್ಮಾನವನ್ನು ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಮೂರನೆಯವರು ತಕರಾರಿನವರು. ಆ ಸಭೆಯಲ್ಲಿ ಬರುವ ಪ್ರತಿ ಐಡಿಯಾಕ್ಕೂ ‘ಇದು ಎಲ್ಲಿ ಕೈಕೊಡುತ್ತದೆ?’ ಎಂದು ಕೇಳುವುದೇ ಅವರ ಕೆಲಸ. ಈ ಕೆಲಸ ಪ್ರತಿ ವಾರ ಬೇರೆಯವರಿಗೆ ಹೋಗಬೇಕು. ಇಲ್ಲದಿದ್ದರೆ ಒಬ್ಬರ ಮೇಲೆ ಎಲ್ಲರಿಗೂ ಸಿಟ್ಟು ಬರುತ್ತದೆ.

ಒಮ್ಮತಕ್ಕೆ ಕಾಯಬೇಡಿ. ಸಂಜೆಯವರೆಗೂ ಚರ್ಚೆಯಾಗಿ ‘ಮುಂದಿನ ವಾರ ನೋಡೋಣ’ ಎಂದು ಏಳುವ ಸಭೆ ಎರಡು ಸಲ ಆದರೆ ಮೂರನೆಯ ಸಲಕ್ಕೆ ಜನ ಬರುವುದಿಲ್ಲ. ನಾನು ಹೇಳುವ ನಿಯಮ ಇದು: ಒಂದೊಂದು ಭಾಗಕ್ಕೆ ಒಬ್ಬೊಬ್ಬರ ಮಾತು ಕೊನೆಯದು. ಆದರೆ ಕಣದಲ್ಲಿ ಕೆಲಸ ಮಾಡುವವರು ‘ಇದು ನಮ್ಮ ಕೈಲಿ ಆಗಲ್ಲ’ ಎಂದರೆ ಆ ಐಡಿಯಾ ಅಲ್ಲಿಗೆ ಬಿತ್ತು. ಅವರ ಮಾತಿನ ಮೇಲೆ ಯಾರ ಮಾತೂ ಇಲ್ಲ.

ಹಕ್ಕಿನ ವಿಷಯವನ್ನೂ ಮೊದಲ ದಿನವೇ ಮಾತಾಡಿಬಿಡಿ. ಸ್ನೇಹಿತರ ನಡುವೆ ಇದೇನು ಎನ್ನಿಸಬಹುದು. ಆದರೆ ಮುಂದೊಂದು ದಿನ ಇದನ್ನು ನಿಜವಾಗಿ ಮಾಡಲು ಒಬ್ಬರು ಹೊರಟರೆ, ಸ್ನೇಹ ಮುರಿಯುವುದು ಇಲ್ಲಿಯೇ. ಭಾರತದಲ್ಲಿ ಪೇಟೆಂಟ್ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ನಡೆಯುತ್ತದೆ. ಆದರೆ ಅರ್ಜಿಗೆ ಮೊದಲೇ ಚಿತ್ರವನ್ನು ಎಲ್ಲರಿಗೂ ತೋರಿಸಿಬಿಟ್ಟರೆ ‘ಹೊಸತು’ ಎನ್ನುವ ಗುಣ ಹೋಗಿ, ಪೇಟೆಂಟ್ ಸಿಗುವುದೇ ಕಷ್ಟವಾಗುತ್ತದೆ. ಅದರ ಯೋಚನೆ ಇದ್ದರೆ ಚಿತ್ರಗಳನ್ನು ಗುಂಪಿನ ಒಳಗೇ ಇಟ್ಟುಕೊಳ್ಳಿ. ಯಾರು ಬೇಕಾದರೂ ಬಳಸಲಿ ಎನ್ನುವುದಾದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿ, ಎಲ್ಲರ ಹೆಸರೂ ಇರಲಿ. ಎರಡರಲ್ಲಿ ಯಾವುದೆಂದು ಬರೆದು ಎಲ್ಲರೂ ಸಹಿ ಮಾಡಿ.

ಅಪಾಯದ ಗುರುತು: ಮೊದಲ ಸಭೆಯ ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೀ ಐಡಿಯಾಗಳಿದ್ದು, ಒಬ್ಬರ ಹೆಸರೂ ಇಲ್ಲದಿದ್ದರೆ ಎರಡನೆಯ ಸಭೆ ಕರೆಯುವ ಮೊದಲು ಇದನ್ನು ಸರಿಮಾಡಿ.

## 3. ಜಾಗಕ್ಕೆ ಹೋಗಿ ನೋಡಿ, ಅಳೆಯಿರಿ, ಕೇಳಿ

ಪೆನ್ಸಿಲ್ ಹಿಡಿಯುವ ಮೊದಲು ಕಣಕ್ಕೆ ಹೋಗಬೇಕು. ಕಾಲವನ್ನೂ ನೋಡಿಕೊಳ್ಳಿ. ನಮ್ಮ ಕಡೆ ಅರೇಬಿಕಾ ಕೊಯ್ಲು ಹೆಚ್ಚಾಗಿ ನವೆಂಬರಿನಿಂದ ಜನವರಿವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ನವೆಂಬರ್, ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಕಣದ ಮೇಲೆ ಮಳೆ. ರೊಬಸ್ಟಾ ಒಣಗುವ ಹೊತ್ತಿಗೆ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಿಸುವ ಮಳೆ, ಎದುರಾಗುತ್ತದೆ. ಆಗಸ್ಟಿನಲ್ಲಿ ಹೋದರೆ ಖಾಲಿ ಕಣ, ಪಾಚಿ ಅಷ್ಟೇ ಕಾಣುವುದು. ಯೋಜನೆ ಮಳೆಗಾಲದಲ್ಲೇ ಶುರುವಾಗುವುದಾದರೆ ಈ ಹಂತವನ್ನು ಕೊಯ್ಲಿನವರೆಗೆ ತಡೆಹಿಡಿಯಿರಿ. ಕಾಯುವುದು ನಷ್ಟವಲ್ಲ.

ಮಾಲೀಕರ ಒಪ್ಪಿಗೆ ಮೊದಲು, ರೈಟರ ಬಳಿ ಮಾತು ಆಮೇಲೆ. ಯಾವ ಹೊತ್ತಿಗೆ ಹೋದರೆ ಕೆಲಸಕ್ಕೆ ತೊಂದರೆ ಇಲ್ಲ ಎಂದು ಅವರನ್ನೇ ಕೇಳಿ. ಬಟವಾಡೆ ದಿನ ಬೇಡ, ಸಂತೆ ದಿನ ಬೇಡ. ಊಟದ ಬಿಡುವಿನಲ್ಲಿ ಹೋಗಿ ಅವರ ವಿಶ್ರಾಂತಿ ಕಿತ್ತುಕೊಳ್ಳುವುದು ಬೇಡವೇ ಬೇಡ.

ಕಣದಲ್ಲಿ ಮೊದಲು ಟೇಪು ಹಿಡಿಯಿರಿ. ಉದ್ದ, ಅಗಲ, ಯಾವ ಕಡೆಗೆ ಇಳಿಜಾರು, ನೀರು ಎಲ್ಲಿಂದ ಹರಿದು ಹೋಗುತ್ತದೆ, ಅಂಚಿನಲ್ಲಿ ಕಟ್ಟೆ ಇದೆಯೇ, ಗೋದಾಮು ಎಷ್ಟು ದೂರ, ಸುತ್ತ ಕಂಬ ನೆಡಲು ಮಣ್ಣು ಇದೆಯೋ ಕಲ್ಲು ಇದೆಯೋ. ಉತ್ತರ ದಿಕ್ಕನ್ನೂ ಗುರುತು ಮಾಡಿಕೊಳ್ಳಿ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಸುತ್ತಿಟ್ಟ ಹೊದಿಕೆಯನ್ನು ದಕ್ಷಿಣದ ಅಂಚಿನಲ್ಲಿ ನಿಲ್ಲಿಸಿದರೆ ಅದರ ನೆರಳು ನೇರವಾಗಿ ಕಾಫಿಯ ಮೇಲೆ. ಒಣಗಿಸಲು ಮಾಡಿದ ಜಾಗಕ್ಕೆ ನೆರಳು ಹಾಕುವ ವಸ್ತುವನ್ನು ಯಾರು ಇಟ್ಟುಕೊಳ್ಳುತ್ತಾರೆ?

ಪ್ರಶ್ನೆ ಕೇಳುವ ರೀತಿಯಲ್ಲಿ ಗುಂಪುಗಳು ತುಂಬ ಎಡವುತ್ತವೆ. ‘ಅಕ್ಕ, ಇಂಥ ಹೊದಿಕೆ ಇದ್ದರೆ ಅನುಕೂಲ ಅಲ್ವಾ?’ ಎಂದು ಕೇಳಿದರೆ ‘ಹೂಂ ಸಾರ್, ಒಳ್ಳೇದೇ ಅಲ್ವಾ’ ಎಂದು ಉತ್ತರ ಬರುತ್ತದೆ. ದೂರದಿಂದ ಬಂದವರ ಮನಸ್ಸು ನೋಯಿಸಬಾರದು ಎಂಬ ಸಜ್ಜನಿಕೆ ಅದು. ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ನಡೆದದ್ದನ್ನು ಕೇಳಿ. ‘ಅಕ್ಕ, ಹೋದ ಸಲ ಕಾಫಿ ಹರವಿದ್ದಾಗ ಮಳೆ ಬಂತಲ್ಲ, ಆಗ ಮೊದಲು ಏನು ಮಾಡಿದ್ರಿ? ಎಷ್ಟು ಜನ ಇದ್ರಿ? ಟಾರ್ಪಾಲ್ ಎಲ್ಲಿತ್ತು?’ ಉತ್ತರಗಳು ಉದ್ದ ಬರುತ್ತವೆ, ಅದರಲ್ಲೇ ನಿಮ್ಮ ವಿನ್ಯಾಸ ಇರುತ್ತದೆ.

ಅಸ್ಸಾಂ, ಬಂಗಾಳದ ಕಡೆಯಿಂದ ಬಂದವರೂ ಈಗ ತೋಟಗಳಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಕನ್ನಡದ ಪ್ರಶ್ನೆಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ‘ಮಾಡಿ ತೋರಿಸಿ’ ಎಂದು ಕೇಳಿ, ನೋಡಿ ಬರೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಈಗ ಏನು ಮಾಡುತ್ತಿದ್ದಾರೆ ಎಂಬುದನ್ನು ಪೂರ್ತಿ ದಾಖಲಿಸಿ. ಸಂಜೆ ಕಾಫಿಯನ್ನು ಕೂಡಿಸಿ ರಾಶಿ ಮಾಡಿ ಟಾರ್ಪಾಲ್ ಹೊದಿಸುವುದು ಹಳೆಯ ಪದ್ಧತಿ. ನಿಮ್ಮ ವಸ್ತುವಿನ ಪೈಪೋಟಿ ಇರುವುದು ಈ ರಾಶಿ ಮತ್ತು ಟಾರ್ಪಾಲಿನ ಜೊತೆ. ಅದಕ್ಕಿಂತ ಬೇಗ, ಅಥವಾ ಕಡಿಮೆ ಜನರಿಂದ ಆಗದಿದ್ದರೆ ವಸ್ತುವಿಗೆ ಅರ್ಥವಿಲ್ಲ. ರಾಶಿ ಮಾಡಿ ಮುಚ್ಚಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆಯಿರಿ.

## 4. ಮಿತಿಗಳ ಹಾಳೆ

ಈ ಹಂತ ಬಿಟ್ಟ ಗುಂಪು ಮುಗಿಸಿದ್ದನ್ನು ನಾನು ನೋಡಿಲ್ಲ. ಹಾಗಾಗಿ ಇಲ್ಲಿ ಒಂದು ಪೂರ್ತಿ ಸಭೆ ಕೊಡಿ.

ಒಂದು ಎ3 ಹಾಳೆಯಲ್ಲಿ ಏಳೆಂಟು ಸಾಲು. ಪ್ರತಿ ಸಾಲಿನಲ್ಲೂ ಅಳೆಯಬಹುದಾದ ಏನಾದರೂ ಇರಬೇಕು. ‘ಗಟ್ಟಿಯಾಗಿರಬೇಕು’, ‘ಬಳಸಲು ಸುಲಭವಾಗಿರಬೇಕು’ ಎಂದು ಬರೆದರೆ ಏನೂ ಬರೆಯದಂತೆಯೇ. ನಮ್ಮ ಹೊದಿಕೆಗೆ ಹಾಳೆ ಹೀಗಿರಬಹುದು:

- ಕಣ 30 ಅಡಿ × 40 ಅಡಿ.
- ಒಬ್ಬರೇ, ಮೂರು ನಿಮಿಷದಲ್ಲಿ ಮುಚ್ಚಬೇಕು.
- ಕರೆಂಟು ಬೇಕಾಗಬಾರದು.
- ಮುಚ್ಚುವಾಗ ಹರವಿದ ಕಾಫಿ ಜರುಗಬಾರದು.
- ಮುಚ್ಚಿದ ಮೇಲೂ ಒಳಗೆ ಗಾಳಿ ಆಡಬೇಕು.
- ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಕಣದ ಮೇಲೆ ನೆರಳು ಬೀಳಬಾರದು.
- ಸಾಮಾನೆಲ್ಲ ಚಿಕ್ಕಮಗಳೂರು ಅಥವಾ ಹಾಸನದ ಅಂಗಡಿಗಳಲ್ಲಿ ಸಿಗಬೇಕು, ರಿಪೇರಿ ತಾಲ್ಲೂಕು ಕೇಂದ್ರದಲ್ಲಿ ಆಗಬೇಕು.
- ಒಟ್ಟು ಖರ್ಚು ಗುಂಪು ಒಪ್ಪಿದ ಮೊತ್ತ ದಾಟಬಾರದು.

ಪ್ರತಿ ಸಾಲಿನ ಪಕ್ಕದಲ್ಲಿ ಅದು ಏಕೆ ಬಂತು ಎಂದು ಬರೆಯಿರಿ. ಕರೆಂಟು ಬೇಡ, ಏಕೆಂದರೆ ಮಲೆನಾಡಿನಲ್ಲಿ ಗಾಳಿಮಳೆ ಶುರುವಾಗುವುದೂ ಕರೆಂಟು ಹೋಗುವುದೂ ಹೆಚ್ಚಾಗಿ ಒಟ್ಟಿಗೇ. ಮೋಟಾರು ಬೇಕಾದ ಹೊತ್ತಿಗೇ ಅದು ನಡೆಯುವುದಿಲ್ಲ. ಗಾಳಿ ಆಡಬೇಕು, ಏಕೆಂದರೆ ಹಸಿ ಕಾಫಿಯ ಮೇಲೆ ಪ್ಲಾಸ್ಟಿಕ್ ಬಿಗಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಕಾಫಿ ಮಂಡಳಿ ಹೇಳುವ ಒಣಗಿನ ಗುರಿ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿ) ಶೇ 10, ಅರೇಬಿಕಾ ಚೆರ್ರಿಗೆ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು) ಶೇ 10.5, ರೊಬಸ್ಟಾ ಚೆರ್ರಿಗೆ ಶೇ 11 ತೇವಾಂಶ. ಅರ್ಧ ಒಣಗಿದ್ದು ಮತ್ತೆ ನೆನೆದರೆ ಆ ಗುರಿಯೂ ದೂರ, ಗುಣವೂ ಹೋಗುತ್ತದೆ. ಕಾರಣ ಬರೆದಿದ್ದರೆ ಐದನೆಯ ವಾರದಲ್ಲಿ ‘ಈ ಮಿತಿ ತೆಗೆದುಬಿಡೋಣ’ ಎನ್ನುವವರಿಗೆ ಉತ್ತರ ಹಾಳೆಯಲ್ಲೇ ಸಿಗುತ್ತದೆ.

ಅಳತೆಯ ಘಟಕಗಳನ್ನು ಇದೇ ಹಾಳೆಯ ತಲೆಯಲ್ಲಿ ಬರೆಯಿರಿ. ನಮ್ಮ ಕಡೆ ಇದು ನಿಜವಾದ ತೊಂದರೆ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. 100 ಸೆಂಟು ಎಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ವೆಲ್ಡಿಂಗ್‌ನವರು ಅಡಿಯಲ್ಲಿ ಮಾತಾಡುತ್ತಾರೆ, ಕಾಲೇಜಿನವರು ಮಿಲಿಮೀಟರಿನಲ್ಲಿ. ಬಯಲು ಕಡೆಯಿಂದ ಕಡೂರಿನವರೊಬ್ಬರು, ಮೂಡಿಗೆರೆಯವರೊಬ್ಬರು ಒಂದೇ ಗುಂಪಿನಲ್ಲಿದ್ದರೆ ‘ಜೋರು ಮಳೆ’ ಎಂದರೆ ಎಷ್ಟು ಎಂಬುದೂ ಬೇರೆ ಬೇರೆ. ಚಿತ್ರದಲ್ಲಿ ಮಿಲಿಮೀಟರ್ ಇರಲಿ, ಮಾತಿನಲ್ಲಿ ಅಡಿ ಇರಲಿ, ಮಳೆಗೆ ಮಿಲಿಮೀಟರಿನ ಜೊತೆ ಸೆಂಟನ್ನೂ ಬರೆಯಿರಿ.

ಅಪಾಯದ ಗುರುತು: ಮಿತಿಗಳ ಹಾಳೆ ಓದಿದ ಮೇಲೂ ಎಲ್ಲರ ಹಳೆಯ ಐಡಿಯಾಗಳು ಉಳಿದುಕೊಂಡಿವೆಯೇ? ಹಾಗಾದರೆ ಮಿತಿಗಳು ಸಡಿಲವಾಗಿವೆ. ಒಳ್ಳೆಯ ಹಾಳೆ ಮೊದಲ ದಿನವೇ ಅರ್ಧ ಐಡಿಯಾಗಳನ್ನು ಕೆಡವುತ್ತದೆ.

## 5. ಮೊದಲು ಒಬ್ಬೊಬ್ಬರೇ ಬಿಡಿಸಿ, ಆಮೇಲೆ ಗೋಡೆಗೆ ಅಂಟಿಸಿ

ಗುಂಪಿನ ಕೆಲಸ ಎಂದು ಎಲ್ಲರೂ ಒಂದೇ ಹಾಳೆಯ ಸುತ್ತ ಕೂರುವುದು ಬೇಡ. ಪೆನ್ನು ಯಾರ ಕೈಯಲ್ಲಿದೆಯೋ ಅವರ ವಸ್ತು ಆಗುತ್ತದೆ. ಇಪ್ಪತ್ತು ನಿಮಿಷ ಮಾತಿಲ್ಲದೆ ಪ್ರತಿಯೊಬ್ಬರೂ ಮೂರು ಬೇರೆ ಬೇರೆ ಐಡಿಯಾ ಬಿಡಿಸಲಿ. ಚೆಂದ ಬೇಡ. ಮಾರ್ಕರ್ ದಪ್ಪ ಇದ್ದಷ್ಟೂ ಒಳ್ಳೆಯದು, ಸಣ್ಣ ವಿವರಕ್ಕೆ ಅದು ಜಾಗವೇ ಕೊಡುವುದಿಲ್ಲ. ಬಿಡಿಸಲು ಹಿಂಜರಿಯುವವರು ದಾರ, ಕಾಗದ ಮಡಚಿ ತೋರಿಸಲಿ. ಟಾರ್ಪಾಲ್ ಹೊಲಿಯುವವರು ಹೆಚ್ಚಾಗಿ ಹೀಗೆಯೇ ಯೋಚಿಸುತ್ತಾರೆ.

ಹೆಸರಿಲ್ಲದೆ ಗೋಡೆಗೆ ಅಂಟಿಸಿ. ಮಾಲೀಕರ ಚಿತ್ರ ಯಾವುದು, ಹುಡುಗರ ಚಿತ್ರ ಯಾವುದು ಎಂದು ತಿಳಿದರೆ ಮರ್ಯಾದೆಗೆ ಮತ ಬೀಳುತ್ತದೆ. ಪ್ರತಿಯೊಬ್ಬರಿಗೂ ಮೂರು ಚುಕ್ಕಿ. ಇಡೀ ಚಿತ್ರಕ್ಕೆ ಬೇಡ, ಚಿತ್ರದ ಒಳಗೆ ಇಷ್ಟವಾದ ಭಾಗಕ್ಕೆ ಚುಕ್ಕಿ ಇಡಲಿ. ಒಬ್ಬರ ಸುರುಳಿ, ಇನ್ನೊಬ್ಬರ ಕಂಬ, ಮತ್ತೊಬ್ಬರ ಕೊಕ್ಕೆ ಹೀಗೆ ಭಾಗಗಳು ಗೆಲ್ಲುತ್ತವೆ. ಸೋತೆ ಎನ್ನುವ ಬೇಸರ ಯಾರಿಗೂ ಉಳಿಯುವುದಿಲ್ಲ.

ಹೆಚ್ಚು ಚುಕ್ಕಿ ಬಿದ್ದ ಭಾಗಗಳನ್ನು ಸೇರಿಸಿ ಮೂರು ಪೂರ್ತಿ ಐಡಿಯಾ ಮಾಡಿಕೊಳ್ಳಿ. ಒಂದಕ್ಕೆ ಇಳಿಸುವುದು ಮುಂದಿನ ಹಂತದ ಕೆಲಸ.

## 6. ಲೆಕ್ಕ ಹಾಕಿ, ನಿಲ್ಲದವನ್ನು ಕೈಬಿಡಿ

ಐಡಿಯಾ ಬಿಡುವಾಗ ಜಗಳ ಆಗುವುದು ಅಭಿಪ್ರಾಯಕ್ಕೆ. ಲೆಕ್ಕದ ಜೊತೆ ಜಗಳ ಆಡುವವರು ಕಡಿಮೆ. ಎಂಜಿನಿಯರಿಂಗ್ ಓದಬೇಕಾಗಿಲ್ಲ, ಹತ್ತನೆಯ ತರಗತಿಯ ಗಣಿತ ಸಾಕು.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 30 × 40 ಅಡಿ ಎಂದರೆ ಸುಮಾರು 111 ಚದರ ಮೀಟರ್. 50 ಸೆಂಟು ಮಳೆ, ಅಂದರೆ 12.7 ಮಿಲಿಮೀಟರ್ ಬಿದ್ದರೆ ಹೊದಿಕೆಯ ಮೇಲೆ 1,400 ಲೀಟರ್ ನೀರು. 50 ಕೆಜಿಯ 28 ಮೂಟೆಗಳ ತೂಕ. ಸಪಾಟಾಗಿ ಹಾಸಿದ ಬಟ್ಟೆ ಹೊಟ್ಟೆ ಬಿಟ್ಟು ಕಾಫಿಯ ಮೇಲೆಯೇ ಕೂರುತ್ತದೆ. ಸಪಾಟು ಐಡಿಯಾ ಇಲ್ಲಿಗೆ ಮುಗಿಯಿತು.

ಹಾಗಾದರೆ ಇಳಿಜಾರು ಕೊಡೋಣ. ನಡುವೆ ಏಣು (ಮಾಡಿನ ನೆತ್ತಿಯಂತೆ ಎತ್ತರದ ಗೆರೆ) ಇಟ್ಟು ಎರಡೂ ಕಡೆಗೆ 15 ಅಡಿ ಇಳಿಸಿದರೆ, 15 ಡಿಗ್ರಿ ಓರೆಗೆ ಏಣಿನ ಎತ್ತರ 4 ಅಡಿ ಬರುತ್ತದೆ. ನೀರು ಹರಿಯುತ್ತದೆ, ಗಾಳಿಯೂ ಆಡುತ್ತದೆ. ಆದರೆ ಕೆಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಮಳೆ ಎರಡು ದಿನ ಹಿಡಿದರೆ ಕಾಫಿ ಕೆದಕುವವರು ಬೆನ್ನು ಬಗ್ಗಿಸಿಯೇ ಇರಬೇಕು. ಎತ್ತರಿಸಿದರೆ ಗಾಳಿಯ ಹೊಡೆತ ಜಾಸ್ತಿ. ಈ ತಿಕ್ಕಾಟವನ್ನು ಕಣದವರ ಮುಂದೆ ಇಟ್ಟು ಅವರಿಂದಲೇ ತೀರ್ಮಾನ ಪಡೆಯಿರಿ.

ಗಾಳಿಯ ಲೆಕ್ಕ ಬಹಳ ಗುಂಪುಗಳು ಮರೆಯುತ್ತವೆ. ಗಂಟೆಗೆ 36 ಕಿಲೋಮೀಟರ್ ಗಾಳಿ ಎದುರಿಗೆ ನಿಂತ ಪ್ರತಿ ಚದರ ಮೀಟರನ್ನು ಸುಮಾರು 6 ಕೆಜಿ ತೂಕದಷ್ಟು ಒತ್ತುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಮುಚ್ಚುವ ಹೊತ್ತಿನಲ್ಲಿ 10 ಚದರ ಮೀಟರ್ ಬಟ್ಟೆ ಎದ್ದು ನಿಂತರೂ 60 ಕೆಜಿಯ ಎಳೆತ. ಒಬ್ಬರ ಕೈಯಲ್ಲಿ ನಿಲ್ಲುತ್ತದೆಯೇ? ಹಾಗಾಗಿ ಬಟ್ಟೆ ಗಾಳಿಗೆ ಬಿಚ್ಚಿಕೊಳ್ಳದೆ ಸುರುಳಿಯಿಂದ ಸ್ವಲ್ಪ ಸ್ವಲ್ಪವೇ ಬರಬೇಕು.

ತೂಕವನ್ನೂ ನೋಡಿ. 250 ಜಿಎಸ್‌ಎಂ ಟಾರ್ಪಾಲ್ ಎಂದರೆ ಚದರ ಮೀಟರಿಗೆ 250 ಗ್ರಾಂ. 111 ಚದರ ಮೀಟರಿಗೆ 28 ಕೆಜಿ, ಒಣಗಿದ್ದಾಗ. ನೆಲದ ಮೇಲೆ ಎಳೆದರೆ ಕಾಫಿಯನ್ನೂ ಗುಡಿಸಿಕೊಂಡು ಹೋಗುತ್ತದೆ. ಎಳೆಯುವ ಐಡಿಯಾವೂ ಬಿತ್ತು, ಉರುಳುವುದು ಉಳಿಯಿತು.

ಹೀಗೆ ಮೂರರಲ್ಲಿ ಒಂದೋ ಎರಡೋ ಉಳಿಯುತ್ತವೆ. ಬಿದ್ದವನ್ನು ಹರಿದು ಹಾಕಬೇಡಿ. ಯಾವ ಲೆಕ್ಕಕ್ಕೆ ಬಿತ್ತು ಎಂದು ಹಿಂದೆ ಬರೆದು ಇಡಿ. ತಿಂಗಳ ಬಳಿಕ ಹೊಸ ಸದಸ್ಯರು ಅದೇ ಐಡಿಯಾ ತಂದಾಗ ಅರ್ಧ ಸಭೆ ಉಳಿಯುತ್ತದೆ.

## 7. ಕೆಲಸ ಹಂಚುವಾಗ ಕೂಡುವ ಜಾಗಗಳನ್ನು ಮೊದಲು ಗೊತ್ತುಮಾಡಿ

ಈಗ ಕೆಲಸ ಭಾಗ ಮಾಡಬಹುದು. ಬಟ್ಟೆ ಮತ್ತು ಹೊಲಿಗೆ ಇಬ್ಬರಿಗೆ, ಕಂಬ ಮತ್ತು ಏಣು ಇಬ್ಬರಿಗೆ, ಸುರುಳಿ ಮತ್ತು ಹಗ್ಗ ಇಬ್ಬರಿಗೆ, ನೀರು ಹೋಗುವ ಚರಂಡಿ ಒಬ್ಬರಿಗೆ.

ಭಾಗಗಳ ಒಳಗೆ ತಪ್ಪಾಗುವುದು ಕಡಿಮೆ. ತಪ್ಪಾಗುವುದು ಎರಡು ಭಾಗ ಕೂಡುವ ಜಾಗದಲ್ಲಿ. ಮೈ ಒಬ್ಬ ಟೈಲರ್, ತೋಳು ಇನ್ನೊಬ್ಬ ಟೈಲರ್ ಹೊಲಿದ ರವಿಕೆಯಂತೆ, ಕಂಕುಳ ಅಳತೆ ಮೊದಲೇ ಹೇಳಿಕೊಳ್ಳದಿದ್ದರೆ ಎರಡೂ ಚೆನ್ನಾಗಿದ್ದು ಒಟ್ಟಿಗೆ ಹಾಕಲು ಬರುವುದಿಲ್ಲ.

ಹಂಚುವ ದಿನವೇ ಒಂದು ‘ಕೂಡುಹಾಳೆ’ ಮಾಡಿ. ಬಟ್ಟೆ ಸುರುಳಿಗೆ ಎಲ್ಲಿ ಸೇರುತ್ತದೆ, ಅಂಚಿನಲ್ಲಿ ಎಷ್ಟು ಅಗಲದ ಮಡಿಕೆ, ಅದರೊಳಗೆ ಎಷ್ಟು ದಪ್ಪದ ಪೈಪು ತೂರಬೇಕು, ಕೊಕ್ಕೆಗಳ ನಡುವೆ ಎಷ್ಟು ಅಂತರ, ಕಂಬದ ತುದಿಯಲ್ಲಿ ರಂಧ್ರ ಎಷ್ಟು. ಪ್ರತಿ ಕೂಡುಜಾಗಕ್ಕೂ ಎರಡು ಕಡೆಯವರ ಸಹಿ. ತಮ್ಮ ಭಾಗದ ಒಳಗೆ ಅವರು ಏನು ಬೇಕಾದರೂ ಬದಲಿಸಲಿ, ಕೇಳಬೇಕಾಗಿಲ್ಲ. ಕೂಡುಹಾಳೆಯ ಅಂಕಿ ಬದಲಿಸುವುದಾದರೆ ಇನ್ನೊಂದು ಕಡೆಯವರು ಒಪ್ಪಲೇಬೇಕು. ವಾಟ್ಸಾಪ್‌ನಲ್ಲಿ ‘ಸ್ವಲ್ಪ ದೊಡ್ಡದು ಮಾಡಿದೀವಿ’ ಎಂದು ಹಾಕಿದ್ದು ಒಪ್ಪಿಗೆಯಲ್ಲ.

ವಾಟ್ಸಾಪ್ ಗುಂಪನ್ನು ಸಭೆಯ ಸಮಯ ತಿಳಿಸಲು, ಫೋಟೊ ಹಾಕಲು ಇಟ್ಟುಕೊಳ್ಳಿ. ತೀರ್ಮಾನ ಅಲ್ಲಿ ಬೇಡ. ನೂರು ಸಂದೇಶಗಳ ಕೆಳಗೆ ಹೋದದ್ದನ್ನು ಯಾರೂ ಹುಡುಕಲಾರರು, ನೆಟ್‌ವರ್ಕ್ ಇಲ್ಲದವರಿಗೆ ಅದು ತಲುಪಿಯೇ ಇರುವುದಿಲ್ಲ. ತೀರ್ಮಾನ ನೋಟ್‌ಬುಕ್ಕಿನಲ್ಲಿ, ದಿನಾಂಕದ ಜೊತೆ.

ಅಪಾಯದ ಗುರುತು: ಎರಡು ತಂಡಗಳು ವಾರವಿಡೀ ಒಂದು ಪ್ರಶ್ನೆಯನ್ನೂ ಪರಸ್ಪರ ಕೇಳದಿದ್ದರೆ ಚೆನ್ನಾಗಿ ನಡೆಯುತ್ತಿದೆ ಎಂದುಕೊಳ್ಳಬೇಡಿ. ಇಬ್ಬರೂ ಬೇರೆ ಬೇರೆ ವಸ್ತು ಬಿಡಿಸುತ್ತಿರುವ ಸಾಧ್ಯತೆಯೇ ಜಾಸ್ತಿ. ಅವತ್ತೇ ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ.

## 8. ರಟ್ಟಿನ ಮಾದರಿ, ಆಮೇಲೆ ಒಂದು ಮೂಲೆ ನಿಜ ಅಳತೆಯಲ್ಲಿ

ಹತ್ತರಲ್ಲಿ ಒಂದು ಅಳತೆ ತೆಗೆದುಕೊಂಡರೆ ನಮ್ಮ ಕಣ 3 ಅಡಿ × 4 ಅಡಿ ಆಗುತ್ತದೆ. ಒಂದು ಮೇಜಿನ ಮೇಲೆ ಹಿಡಿಯುತ್ತದೆ. ರಟ್ಟು, ಅಗರಬತ್ತಿ ಕಡ್ಡಿ, ತೆಳು ಪ್ಲಾಸ್ಟಿಕ್, ದಾರ ಸಾಕು. ಎಲ್ಲ ತಂಡಗಳೂ ತಮ್ಮ ಭಾಗ ತಂದು ಒಂದೇ ದಿನ ಕೂಡಿಸಬೇಕು. ಕೂಡುಹಾಳೆ ಸರಿ ಇತ್ತೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಕ್ಯಾನಿನಿಂದ ಮೇಲೆ ನೀರು ಹಾಕಿ. ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಳಗೆ ಬರುತ್ತದೆ, ಅಂಚಿನಿಂದ ಬಿದ್ದದ್ದು ಮತ್ತೆ ಕಣಕ್ಕೇ ಹರಿಯುತ್ತದೆಯೇ ನೋಡಿ. ಟಾರ್ಚ್ ಹಿಡಿದು ನೆರಳನ್ನೂ ನೋಡಬಹುದು.

ಸಣ್ಣ ಮಾದರಿ ನಿಂತಿತು ಎಂದು ದೊಡ್ಡದೂ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಉದ್ದ ಹತ್ತು ಪಟ್ಟಾದರೆ ಹರವು ನೂರು ಪಟ್ಟು, ತೂಕ ಸಾವಿರ ಪಟ್ಟು ಆಗುತ್ತದೆ. ಕಡ್ಡಿಯ ಮೇಲೆ ನಿಂತದ್ದು ಪೈಪಿನ ಮೇಲೆ ಬಾಗಬಹುದು. ಅದಕ್ಕೇ ಒಂದು ಮೂಲೆಯನ್ನು, ಒಂದು ಮೀಟರ್ ಉದ್ದಗಲದಷ್ಟು, ನಿಜವಾದ ಟಾರ್ಪಾಲ್, ನಿಜವಾದ ಪೈಪು, ನಿಜವಾದ ಕೊಕ್ಕೆ ಹಾಕಿ ಮಾಡಿ. ವೆಲ್ಡಿಂಗ್ ಅಂಗಡಿಯವರಿಗೆ ಕೊಟ್ಟು ‘ಅಣ್ಣ, ಇದು ಎಲ್ಲಿ ಮುರಿಯುತ್ತೆ?’ ಎಂದು ಕೇಳಿ. ಚೆನ್ನಾಗಿದೆಯೇ ಎಂದು ಕೇಳಬೇಡಿ.

ಕೊನೆಗೆ ಅದನ್ನು ಕಣಕ್ಕೆ ಒಯ್ಯಿರಿ. ಕೆಲಸದವರ ಕೈಗೆ ಕೊಟ್ಟು, ಹೇಗೆ ಬಳಸಬೇಕೆಂದು ಹೇಳದೆ ಪಕ್ಕಕ್ಕೆ ನಿಲ್ಲಿ. ಇದು ಬಹಳ ಕಷ್ಟ, ಬಾಯಿ ತಾನೇ ತೆರೆದುಕೊಳ್ಳುತ್ತದೆ. ಸುಮ್ನೆ ನೋಡಿ. ಅವರು ಮೊದಲು ಎಲ್ಲಿ ಕೈ ಹಾಕಿದರೋ ಹಿಡಿಕೆ ಇರಬೇಕಾದದ್ದು ಅಲ್ಲಿ. ಒದ್ದೆ ಕೈಯಲ್ಲಿ, ಕೈಗವಸು ಹಾಕಿದ ಕೈಯಲ್ಲಿ, ಕತ್ತಲಾಗುತ್ತಿರುವಾಗ ಕೊಕ್ಕೆ ಸಿಗುತ್ತದೆಯೇ ಎಂದೂ ಪರೀಕ್ಷಿಸಿ. ಮಳೆ ಹೆಚ್ಚಾಗಿ ಬರುವುದು ಆ ಹೊತ್ತಿಗೇ.

## 9. ಚಿತ್ರಗಳಿಗೆ ಹೆಸರು, ದಿನಾಂಕ

ಚಿಕ್ಕ ಹಂತ, ಬಿಟ್ಟರೆ ದೊಡ್ಡ ನಷ್ಟ. ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರು ಬೇಡ. ಭಾಗದ ಹೆಸರು, ಆವೃತ್ತಿ ಸಂಖ್ಯೆ, ದಿನಾಂಕ, ಬಿಡಿಸಿದವರ ಹೆಸರು ಅಷ್ಟೇ. ಹಳೆಯದನ್ನು ಅಳಿಸಬೇಡಿ, ಬೇರೆ ಫೋಲ್ಡರಿಗೆ ಹಾಕಿ. ಕಾಗದದ ಚಿತ್ರಗಳನ್ನು ಅವತ್ತೇ ಫೋಟೊ ತೆಗೆದಿಡಿ. ಫೈಲುಗಳು ಕನಿಷ್ಠ ಇಬ್ಬರ ಬಳಿ ಇರಲಿ, ಒಬ್ಬರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಯೋಜನೆಯೂ ಅವರ ಲ್ಯಾಪ್‌ಟಾಪಿನಲ್ಲಿ ಹೋಗಬಾರದು.

## 10. ಮುಗಿಯಿತು ಎಂದು ಹೇಳುವುದು ಯಾವಾಗ

ಊಹೆಯ ವಸ್ತುವನ್ನು ಎಷ್ಟು ಬೇಕಾದರೂ ತಿದ್ದುತ್ತಾ ಹೋಗಬಹುದು. ಹಾಗಾಗಿ ಮುಗಿಸುವ ಗೆರೆಯನ್ನು ನಾಲ್ಕನೆಯ ಹಂತದಲ್ಲೇ ಎಳೆದಿರಬೇಕು. ಮಿತಿಗಳ ಹಾಳೆಯ ಪ್ರತಿ ಸಾಲಿನ ಮುಂದೆ ‘ಆಗುತ್ತದೆ’, ‘ಆಗುವುದಿಲ್ಲ’, ‘ಪರೀಕ್ಷೆ ಬೇಕು’ ಇವುಗಳಲ್ಲಿ ಒಂದನ್ನು ಬರೆಯಲು ಸಾಧ್ಯವಾದ ದಿನ ಕೆಲಸ ಮುಗಿಯಿತು. ಎಲ್ಲದಕ್ಕೂ ‘ಆಗುತ್ತದೆ’ ಬರಬೇಕೆಂದಿಲ್ಲ.

ಕೊನೆಯ ಕಟ್ಟಿನಲ್ಲಿ ಇರಬೇಕಾದವು: ಒಂದು ವಾಕ್ಯ, ಮಿತಿಗಳ ಹಾಳೆ, ಇಡೀ ವಸ್ತುವಿನ ಅಳತೆ ಸಹಿತ ಚಿತ್ರ, ಕೂಡುಹಾಳೆ, ಲೆಕ್ಕಗಳು, ಸಾಮಾನಿನ ಪಟ್ಟಿ ಮತ್ತು ಅವತ್ತಿನ ಅಂಗಡಿ ಬೆಲೆ, ಮಾದರಿಯ ಫೋಟೊಗಳು, ಬಿದ್ದುಹೋದ ಐಡಿಯಾಗಳು ಮತ್ತು ಕಾರಣ. ಇವಿಷ್ಟು ಇದ್ದರೆ ಗುಂಪಿನಲ್ಲಿ ಇಲ್ಲದವರೊಬ್ಬರು ಓದಿ ಮಾಡಲು ತೊಡಗಬಹುದು. ಹಾಗೆ ಆಗುತ್ತದೆಯೇ ಎಂದು ನೋಡಲು, ಏನೂ ವಿವರಿಸದೆ ಬೇರೊಂದು ಊರಿನ ಫ್ಯಾಬ್ರಿಕೇಶನ್ ಅಂಗಡಿಗೆ ಕೊಟ್ಟು ಅಂದಾಜು ಖರ್ಚು ಕೇಳಿ. ಸಕಲೇಶಪುರದಲ್ಲೋ ಬೇಲೂರಿನಲ್ಲೋ ಅಂಗಡಿಯವರು ಮರಳಿ ಕೇಳುವ ಪ್ರತಿ ಪ್ರಶ್ನೆಯೂ ನಿಮ್ಮ ಚಿತ್ರದಲ್ಲಿ ಬಿಟ್ಟುಹೋದ ಒಂದು ಅಳತೆ. ಅವನ್ನು ತುಂಬಿ.

ಕಟ್ಟಿನ ಒಂದು ಪ್ರತಿ ನೀವು ಅಳತೆ ತೆಗೆದ ತೋಟಕ್ಕೆ ಹೋಗಬೇಕು, ಅದೂ ಮುಂದಿನ ಕೊಯ್ಲಿಗೆ ಮೊದಲು, ಅಕ್ಟೋಬರಿನ ಒಳಗೆ. ಸಮಯ ಕೊಟ್ಟು ಉತ್ತರ ಹೇಳಿದವರಿಗೆ ಚಿತ್ರ ತೋರಿಸಿ, ಅವರ ಯಾವ ಮಾತಿನಿಂದ ಯಾವ ಭಾಗ ಬದಲಾಯಿತು ಎಂದು ಹೇಳಿ. ಅವರು ಹೊಸದಾಗಿ ಏನಾದರೂ ಸೂಚಿಸಿದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ.